ಮೂರು ವರ್ಷದ ನೇಮ

ಅರಕಲಗೂಡು ತಾಲ್ಲೂಕು ಕಚೇರಿಯ ಗುಮಾಸ್ತ ಪದ್ಮಯ್ಯನವರು ತಮ್ಮ ಆಯುಷ್ಯದಲ್ಲಿ ಒಂದೂ ಸುಳ್ಳು ಹೇಳಿದವರಲ್ಲ. ಇದನ್ನು ಅವರೇ ಆಗಾಗ ಹೇಳಿಕೊಳ್ಳುತ್ತಿದ್ದರು, ಊರೂ ಒಪ್ಪಿತ್ತು. ಖಾತೆ ಬದಲಾವಣೆಗೆ ಬಂದ ರೈತ ಪ್ರೀತಿಯಿಂದ ಎರಡು ತೆಂಗಿನಕಾಯಿ ತಂದಿಟ್ಟರೂ ಅದನ್ನು ಅವನ ಕೈಗೇ ಕೊಟ್ಟು ಕಳಿಸುವ ಮನುಷ್ಯ. ಆದರೆ ಸುಳ್ಳು ಹೇಳದಿರುವುದಕ್ಕೂ ನಿಜ ಹೇಳುವುದಕ್ಕೂ ನಡುವೆ ಒಬ್ಬ ಗುಮಾಸ್ತ ಆರಾಮವಾಗಿ ಕಾಲು ಚಾಚಿ ಕೂರುವಷ್ಟು ಜಾಗವಿದೆ. ಪದ್ಮಯ್ಯನವರು ನಲವತ್ತೆರಡನೆಯ ವಯಸ್ಸಿನಲ್ಲಿ ಹೋಗಿ ಆ ಜಾಗದಲ್ಲಿ ಕೂತರು. ಕೂರುವಾಗ ಹಿತವಾಗಿಯೇ ಇತ್ತು.

ಸಾವಿರದ ಒಂಬೈನೂರ ನಲವತ್ತೊಂದರ ಏಪ್ರಿಲ್ ತಿಂಗಳು, ವರ್ಗಾವಣೆಯ ಕಾಲ. ಅಮಲ್ದಾರರು ಪದ್ಮಯ್ಯನವರನ್ನು ಕರೆದು, ಎರಡು ಕಡೆ ಜಾಗ ಖಾಲಿ ಇದೆ ಎಂದರು. ಒಂದು ಹಾಸನದ ಡೆಪ್ಯುಟಿ ಕಮಿಷನರ್ ಕಚೇರಿಯಲ್ಲಿ, ಇನ್ನೊಂದು ಚನ್ನರಾಯಪಟ್ಟಣದ ತಾಲ್ಲೂಕು ಕಚೇರಿಯಲ್ಲಿ. ಹದಿನೆಂಟು ವರ್ಷ ಒಂದು ಕಪ್ಪು ಚುಕ್ಕೆಯಿಲ್ಲದೆ ದುಡಿದಿದ್ದೀರಿ, ನಿಮಗೆ ಯಾವುದು ಬೇಕೋ ಒಂದು ತಿಂಗಳೊಳಗೆ ಬರೆದುಕೊಡಿ, ಮಗಳ ಓದೂ ಇದೆಯಲ್ಲ, ಅದನ್ನೂ ನೋಡಿಕೊಳ್ಳಿ ಎಂದು ಕಳಿಸಿದರು.

ಮಗಳು ಅನಂತಮತಿ. ಒಬ್ಬಳೇ ಮಗಳು, ಹದಿಮೂರು ತುಂಬಿತ್ತು, ಆ ವರ್ಷ ಮಿಡ್ಲ್ ಸ್ಕೂಲು ಮುಗಿಸಿದ್ದಳು. ಅರಕಲಗೂಡಿನಲ್ಲಿ ಆಗ ಅದಕ್ಕಿಂತ ಮುಂದಿನ ಓದಿಗೆ ಶಾಲೆಯಿರಲಿಲ್ಲ. ವರ್ಗದ ಸುದ್ದಿ ತಿಳಿದದ್ದೇ ತಡ, ಅವಳ ಮೇಷ್ಟರು ತಿಮ್ಮಪ್ಪನವರು ಕೊಡೆ ಬಗಲಿಗಿಟ್ಟುಕೊಂಡು ಮನೆಗೇ ಬಂದರು. ಜಗಲಿಯ ಮೇಲೆ ಕೂತು ಬೆರಳು ಮಡಿಸುತ್ತ ಹೇಳಿದರು: ಹಾಸನದ ಹೈಸ್ಕೂಲು ದೊಡ್ಡದು, ಐದು ನೂರರ ಮೇಲೆ ಮಕ್ಕಳಿದ್ದಾರೆ, ಒಂದೊಂದು ವಿಷಯಕ್ಕೆ ಒಬ್ಬೊಬ್ಬ ಮೇಷ್ಟರು, ಸೈನ್ಸಿಗೆ ಪ್ರತ್ಯೇಕ ಕೋಣೆ. ಚನ್ನರಾಯಪಟ್ಟಣದ್ದು ಶುರುವಾಗಿ ಎರಡು ವರ್ಷ, ಒಟ್ಟು ಅರವತ್ತು ಮಕ್ಕಳು, ಮೂರು ಮೇಷ್ಟರು. ಎರಡನೇ ವರ್ಷ ಆರಿಸಿಕೊಳ್ಳೋ ಆಪ್ಷನಲ್ಲಿಗೆ ಸೈನ್ಸ್ ಇಲ್ಲ, ಹಿಸ್ಟರಿ ಒಂದೇ. ಹುಡುಗಿಯ ತಲೆ ಲೆಕ್ಕಕ್ಕೂ ಸೈನ್ಸಿಗೂ ಹೇಳಿ ಮಾಡಿಸಿದ್ದು. ಹಾಸನಕ್ಕೆ ಹಾಕಿ ಸ್ವಾಮಿ, ಎರಡನೇ ಮಾತು ಬೇಡ ಎಂದು ಮಜ್ಜಿಗೆ ಕುಡಿದು ಹೋದರು.

ಅನಂತಮತಿಗೆ ಹಾಸನ ಬೇಕಾಗಿದ್ದದ್ದಕ್ಕೆ ಕಾರಣ ಬೇರೆಯಿತ್ತು. ಜೈನರ ಮನೆಗಳಲ್ಲಿ ಸೇದಿದ ನೀರನ್ನು ಹಾಗೇ ಕುಡಿಯುವುದಿಲ್ಲ. ದಪ್ಪ ಬಟ್ಟೆಯಲ್ಲಿ ಶೋಧಿಸಿ, ಬಟ್ಟೆಯಲ್ಲಿ ಉಳಿದದ್ದನ್ನು ಹಿಂಡದೆ, ತೊಳೆದ ನೀರನ್ನು ಮೆತ್ತಗೆ ಅದೇ ಬಾವಿಗೆ ಇಳಿಸಬೇಕು. ಅದರಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ. ಪದ್ಮಯ್ಯನವರ ಹೆಂಡತಿ ಮರುದೇವಿ ದಿನಕ್ಕೆರಡು ಸಲ ಇದನ್ನು ಮಾಡುತ್ತಿದ್ದರು, ಅವರ ತಾಯಿ ಮಾಡಿದ್ದರು, ತಾಯಿಯ ತಾಯಿಯೂ ಮಾಡಿದ್ದರು. ಆ ಜೀವಗಳನ್ನು ನೋಡಿದವರು ಯಾರೂ ಇರಲಿಲ್ಲ. ಹಾಸನದ ಸೈನ್ಸ್ ಕೋಣೆಯಲ್ಲಿ ಒಂದು ಯಂತ್ರವಿದೆ, ಅದರ ಕೊಳವೆಗೆ ಕಣ್ಣಿಟ್ಟರೆ ಒಂದು ಹನಿ ನೀರಿನಲ್ಲಿ ಇರುವುದೆಲ್ಲ ಕಾಣುತ್ತದೆ ಎಂದು ತಿಮ್ಮಪ್ಪ ಮೇಷ್ಟರು ಹೇಳಿದ ದಿನದಿಂದ ಹುಡುಗಿಗೆ ಅದೇ ಧ್ಯಾನ. ನೀನು ಇಷ್ಟು ವರ್ಷ ಕಾಪಾಡಿದ ಜೀವಗಳು ಹೇಗಿವೆ ಅಂತ ನಾನು ನೋಡ್ಕೊಂಡು ಬಂದು ಹೇಳ್ತೀನಿ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದಳು. ಮರುದೇವಿ ನಕ್ಕರೂ, ಬಾವಿಕಟ್ಟೆಯಲ್ಲಿ ನೆರೆಯವರಿಗೆಲ್ಲ ಅದನ್ನು ಹೇಳಿಕೊಂಡು ಬಂದರು.

ಇಷ್ಟೆಲ್ಲ ನೆಟ್ಟಗಿರುವಾಗ ಪದ್ಮಯ್ಯನವರು ಹಾಸನ ಎಂದು ಬರೆದು ಕೈತೊಳೆದುಕೊಳ್ಳಬೇಕಿತ್ತು. ಬರೆಯಲಿಲ್ಲ. ಯಾಕೆಂದರೆ ಹಾಸನದ ಕಚೇರಿಯಲ್ಲಿ ಚೆನ್ನಯ್ಯ ಇದ್ದ.

ಚೆನ್ನಯ್ಯನ ಅಪ್ಪ ಕಾಳಯ್ಯ, ಪದ್ಮಯ್ಯನವರ ತಂದೆಯ ಹೊಲದಲ್ಲಿ ಜೀತಕ್ಕಿದ್ದವನು. ಅಂಗಳದ ಬೇಲಿಯಾಚೆ ನಿಂತು ಮುತ್ತುಗದ ಎಲೆಗೆ ಮುದ್ದೆ ಹಾಕಿಸಿಕೊಳ್ಳುವಾಗ ಅವನ ಪಕ್ಕದಲ್ಲಿ ಈ ಚೆನ್ನಯ್ಯನೂ ನಿಂತಿರುತ್ತಿದ್ದ. ಹಿಂದುಳಿದವರ ಮಕ್ಕಳಿಗೆ ಸರ್ಕಾರ ಸ್ಕಾಲರ್‌ಶಿಪ್ಪು ಕೊಟ್ಟು ಕಚೇರಿಯ ಬಾಗಿಲು ತೆರೆದ ಕಾಲ ಅದು. ಹುಡುಗ ಓದಿದ, ಹೊಳೆನರಸೀಪುರದ ತಾಲ್ಲೂಕು ಕಚೇರಿಗೆ ಕಿರಿಯ ಗುಮಾಸ್ತನಾಗಿ ಬಂದ. ಆಗ ಅಲ್ಲಿದ್ದ ಪದ್ಮಯ್ಯನವರೇ ಅವನಿಗೆ ಕಡತ ಹೊಲಿಯುವುದು, ಟಿಪ್ಪಣಿ ಬರೆಯುವುದು ಕಲಿಸಿದರು. ಚೆನ್ನಾಗಿಯೇ ಕಲಿಸಿದರು, ಅದರಲ್ಲಿ ಮೋಸವಿಲ್ಲ. ಮುಂದೆ ಅವನು ಪರೀಕ್ಷೆಯ ಮೇಲೆ ಪರೀಕ್ಷೆ ಪಾಸು ಮಾಡಿಕೊಂಡು ಮೇಲೆ ಹೋದಾಗ, ನಾನು ತಿದ್ದಿದ ಹುಡುಗ ಎಂದು ನಾಲ್ಕು ಜನರ ಮುಂದೆ ಹೆಮ್ಮೆಪಟ್ಟರು. ಆ ಹುಡುಗ ದೂರ ಇರುವಷ್ಟು ದಿನ ಹೆಮ್ಮೆಗೇನೂ ತೊಂದರೆಯಿರಲಿಲ್ಲ. ಈಗ ಅವನು ಹಾಸನದ ಕಚೇರಿಗೆ ಹೆಡ್ ಮುನ್ಷಿ. ಖಾಲಿಯಿದ್ದ ಜಾಗ ಅವನ ಕೈಕೆಳಗಿನದು.

ಪದ್ಮಯ್ಯನವರು ಮನಸ್ಸಿನಲ್ಲೇ ಅಭ್ಯಾಸ ಮಾಡಿ ನೋಡಿದರು. ಚೆನ್ನಯ್ಯ ಒಳಗೆ ಬಂದಾಗ ಏಳಬೇಕು. ಸಾರ್ ಎನ್ನಬೇಕು. ರಜೆ ಬೇಕಾದರೆ ಅವನ ಮೇಜಿನ ಮುಂದೆ ನಿಲ್ಲಬೇಕು. ಇಷ್ಟನ್ನು ಹೇಗೋ ನುಂಗಬಹುದಿತ್ತು. ಆದರೆ ಶಾಲೆ ಬಿಟ್ಟು ಬರುವ ಅನಂತು ಒಂದು ದಿನ ಕಚೇರಿಗೆ ಇಣುಕಿ, ಕಾಳಯ್ಯನ ಮಗನೆದುರು ಅಪ್ಪ ತಲೆ ತಗ್ಗಿಸಿ ನಿಂತದ್ದನ್ನು ನೋಡಿದರೆ? ಇದೊಂದನ್ನು ನೆನೆದರೆ ಅವರ ಕಿವಿ ಬಿಸಿಯಾಗುತ್ತಿತ್ತು. ಇದು ಕೀಳು ಯೋಚನೆ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಯಾರಿಗೂ ಹೇಳುವ ಹಾಗಿರಲಿಲ್ಲ, ಹೆಂಡತಿಗೂ ಕೂಡ. ಹಾಗಾಗಿ ಹಾಸನ ಬೇಡವೆನ್ನಲು ಮರ್ಯಾದೆಯದಾಗಿ ಕಾಣುವ ಇನ್ನೊಂದು ಕಾರಣ ಬೇಕಾಯಿತು.

ಕಾರಣ ತಿಮ್ಮಪ್ಪ ಮೇಷ್ಟರ ಬಾಯಿಂದಲೇ ಸಿಕ್ಕಿತು. ಹಾಸನದಲ್ಲಿ ಮಕ್ಕಳು ಹೆಚ್ಚು, ಸೈನ್ಸ್ ಕೋಣೆ ಒಂದೇ, ಅದಕ್ಕೆ ಪ್ರಯೋಗದ ಕ್ಲಾಸು ಸಂಜೆ ಐದೂವರೆಯವರೆಗೂ ನಡೆಯುತ್ತದೆ ಎಂದು ಅವರು ಮಾತಿನ ಮಧ್ಯೆ ಅಂದಿದ್ದರು. ಜೈನರು ಕತ್ತಲಾದ ಮೇಲೆ ಉಣ್ಣುವುದಿಲ್ಲ. ಆದರೂ ಸಂಸಾರಸ್ಥರಲ್ಲಿ ಹತ್ತು ನಿಮಿಷ ಆಚೀಚೆ ಆಗುತ್ತದೆ, ಸ್ವತಃ ಪದ್ಮಯ್ಯನವರೇ ಕಂದಾಯದ ಲೆಕ್ಕ ನೋಡುವ ಜಮಾಬಂದಿಯ ದಿನಗಳಲ್ಲಿ ದೀಪದ ಬೆಳಕಿನಲ್ಲಿ ಉಂಡವರು. ಸ್ವಾಮಿಗಳ ಮುಂದೆ ನೇಮ ಹಿಡಿದವರಿಗೆ ಮಾತ್ರ ಆ ಸಡಿಲವಿಲ್ಲ. ಹೊತ್ತು ಮುಳುಗುವುದಕ್ಕೆ ಎರಡು ಗಳಿಗೆ ಮುಂಚೆ, ಅಂದರೆ ಚಳಿಗಾಲದಲ್ಲಿ ಐದು ಗಂಟೆಗೆಲ್ಲ, ಕೈ ತೊಳೆದಿರಬೇಕು. ನೇಮ ಹಿಡಿದ ಹುಡುಗಿಗೆ ಐದೂವರೆಯ ಕ್ಲಾಸು ಆಗಿಬರುವುದಿಲ್ಲ. ಹಾಸನ ತಾನಾಗಿಯೇ ತಪ್ಪುತ್ತದೆ. ಪದ್ಮಯ್ಯನವರು ಒಂದು ಸುಳ್ಳನ್ನೂ ಹೇಳಬೇಕಾಗಿಲ್ಲ.

ಮೇ ತಿಂಗಳ ಮೊದಲ ಭಾನುವಾರ ಮೂವರೂ ಶ್ರವಣಬೆಳಗೊಳಕ್ಕೆ ಹೋದರು. ಅಲ್ಲಿ ಮುನಿಗಳೊಬ್ಬರು ಬಂದು ತಂಗಿದ್ದರು. ವಯಸ್ಸಾದವರು, ಮರದ ಹಲಗೆಯ ಮೇಲೆ ಕೂತಿದ್ದರು, ಪಕ್ಕದಲ್ಲಿ ನವಿಲುಗರಿಯ ಪಿಂಛಿ. ಪದ್ಮಯ್ಯನವರು ಮಗಳನ್ನು ಮುಂದೆ ಮಾಡಿ, ಮಗುವಿಗೆ ರಾತ್ರಿ ಊಟ ಬಿಡುವ ನೇಮ ಕೊಡಬೇಕು ಎಂದು ಬೇಡಿಕೊಂಡರು. ಎಷ್ಟು ಕಾಲಕ್ಕೆ ಎಂದು ಅವರು ಕೇಳಿದರು. ಮೂರು ವರ್ಷಕ್ಕೆ ಎಂದರು ಪದ್ಮಯ್ಯನವರು. ಹೈಸ್ಕೂಲು ಮೂರೇ ವರ್ಷ.

ಮುನಿಗಳು ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡಿದರು. "ಜನ ಒಂದು ಚಾತುರ್ಮಾಸ್ಯಕ್ಕೆ ಕೇಳ್ತಾರೆ, ಇಲ್ಲ ಬದುಕಿರೋವರೆಗೂ ಕೇಳ್ತಾರೆ. ಮೂರು ವರ್ಷ ಯಾಕಯ್ಯಾ?"

ಪದ್ಮಯ್ಯನವರು ಪಂಚೆಯ ಅಂಚು ಸರಿಮಾಡಿಕೊಂಡರು. ಚಿಕ್ಕ ಹುಡುಗಿ, ಓದೋ ವಯಸ್ಸು, ಎಂದು ಏನೋ ತಡವರಿಸಿದರು. ನೀನೂ ಜೊತೆಗೆ ಹಿಡಿ ಎಂದರು ಮುನಿಗಳು. ಕಚೇರಿ ಕೆಲಸ, ಹೊತ್ತುಗೊತ್ತು ಇರೋದಿಲ್ಲ ಎಂದರು ಇವರು. ಮುನಿಗಳು ಮತ್ತೇನೂ ಕೇಳದೆ ಹುಡುಗಿಯ ಕಡೆ ತಿರುಗಿ, ನಿನಗೆ ಮನಸ್ಸಿದೆಯೇನಮ್ಮ ಎಂದರು. ಅವಳು ಅಪ್ಪನ ಮುಖ ನೋಡಿದಳು. ಅಪ್ಪ ತಲೆಯಾಡಿಸಿದರು. ಇದೆ ಎಂದಳು. ಕೈಮುಗಿದು, ಹೇಳಿಕೊಟ್ಟ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. ಅಲ್ಲಿದ್ದವರಿಗೆಲ್ಲ ಕಣ್ಣು ತುಂಬಿ ಬಂತು, ಪದ್ಮಯ್ಯನವರು ಮಾತ್ರ ನೆಲ ನೋಡುತ್ತಿದ್ದರು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ವಾಪಸು ಬರುವಾಗ ಇದ್ದಿಲ ಬಸ್ಸಿನಲ್ಲಿ ಹೆಂಗಸರು ಹಿಂದಿನ ಸೀಟಿನಲ್ಲಿದ್ದರು. ಅಪ್ಪ ಯಾಕೆ ನೇಮ ಮಾಡಿಸಿದರು ಗೊತ್ತಾ ಎಂದು ಅನಂತು ಅಮ್ಮನನ್ನು ಕೇಳುವುದು ಪದ್ಮಯ್ಯನವರಿಗೆ ಕೇಳಿಸಿತು. ದೊಡ್ಡ ಸ್ಕೂಲಿಗೆ ಹೋಗ್ತೀನಲ್ಲ, ನೇಮ ಇದ್ದರೆ ಓದು ತಲೆಗೆ ಹತ್ತುತ್ತೆ ಅಂತ, ಎಂದು ಅವಳೇ ಉತ್ತರ ಹೇಳಿಕೊಂಡಳು. ಬಸ್ಸು ಪಟ್ಟಣ ದಾಟಿ ಊರು ತಲುಪುವವರೆಗೆ ಅವರು ಹಿಂತಿರುಗಿ ನೋಡಲಿಲ್ಲ.

ಒಂದು ವಾರ ಕಳೆದ ಮೇಲೆ, ತಮಗೇ ಆಗ ಹೊಳೆದವರಂತೆ, ಐದೂವರೆಯ ಕ್ಲಾಸಿನ ಮಾತು ತೆಗೆದರು. ಮನೆ ಎಲ್ಲಿ ಸಿಗುತ್ತದೋ, ಚಳಿಗಾಲದಲ್ಲಿ ಬೇಗ ಕತ್ತಲು, ನೇಮ ಏನು ಮಾಡುವುದು ಎಂದು ಹೆಂಡತಿಯ ಮುಂದೆ ನಿಟ್ಟುಸಿರು ಬಿಟ್ಟರು. ಮರುದೇವಿ ಗಾಬರಿಯಾದರು. ಸ್ವಾಮಿಗಳನ್ನು ಕೇಳಿ ಸಡಿಲ ಮಾಡಿಸಿಕೊಂಡು ಬರೋಣವೇ ಎಂದರು. ಆಡಿದ ಮಾತನ್ನು ಹಿಂದಕ್ಕೆ ತಗೊಳ್ಳೋಕಾಗುತ್ತಾ ಎಂದರು ಪದ್ಮಯ್ಯನವರು. ಹುಡುಗಿ ಕಂಬ ಹಿಡಿದು ನಿಂತಿದ್ದಳು. "ನೇಮ ಹಿಡಿದಾಯ್ತಲ್ಲಮ್ಮ," ಎಂದು ಒಳಗೆ ಹೋದಳು. ಅಳುತ್ತಾಳೆಂದು ಕಾದರು, ಅಳಲಿಲ್ಲ. ಅತ್ತಿದ್ದರೆ ಪದ್ಮಯ್ಯನವರ ಮನಸ್ಸು ಕರಗುತ್ತಿತ್ತೋ ಏನೋ.

ಈ ನಡುವೆ ಚೆನ್ನಯ್ಯನಿಂದ ಒಂದು ಕಾಗದ ಬಂದಿತ್ತು. ನೀವು ಇಲ್ಲಿಗೆ ಬರಬಹುದೆಂದು ಕೇಳಿ ಸಂತೋಷವಾಯಿತು ಎಂದು ಬರೆದಿದ್ದ. ಪದ್ಮಯ್ಯನವರು ಮಗಳ ನೇಮದ ವಿಷಯ, ಐದೂವರೆಯವರೆಗಿನ ಸೈನ್ಸ್ ಕ್ಲಾಸಿನ ವಿಷಯ ತಿಳಿಸಿ, ನೇಮ ಹಿಡಿದ ಮಗುವಿಗೆ ಆ ಹೊತ್ತು ಆಗಿಬರುವುದಿಲ್ಲವಲ್ಲ ಎಂದು ಚೆಂದವಾಗಿ ಉತ್ತರ ಬರೆದು ಹಾಕಿದರು. ಬೇರೆ ಯಾರಾದರೂ ಆಗಿದ್ದರೆ ಓದಿ ಮಡಿಸಿಡುತ್ತಿದ್ದರು. ಚೆನ್ನಯ್ಯ ಅದನ್ನೇ ಕಾರಣವೆಂದು ನಂಬಿದ. ಬಿಡಿಸಿಕೊಡಬಹುದಾದ ತೊಡಕು ಎಂದುಕೊಂಡು ಬಿಡಿಸಿಯೂ ಕೊಟ್ಟ.

ಎರಡನೆಯ ಕಾಗದ ಬಂದಾಗ ಅಮಲ್ದಾರರು ಕೊಟ್ಟ ಗಡುವಿಗೆ ಮೂರು ದಿನ ಉಳಿದಿತ್ತು. ಹೈಸ್ಕೂಲಿನ ಸೈನ್ಸ್ ಮೇಷ್ಟರನ್ನು ಕಂಡು ವಿಚಾರಿಸಿದೆ, ಹೆಣ್ಣುಮಕ್ಕಳ ಪ್ರಯೋಗದ ಕ್ಲಾಸು ಶನಿವಾರ ಬೆಳಿಗ್ಗೆ ಇಡುತ್ತಾರಂತೆ, ಸಂಜೆಯ ಮಾತೇ ಇಲ್ಲ. ಹೈಸ್ಕೂಲಿನ ಹಿಂದಿನ ಬೀದಿಯಲ್ಲೇ ಒಂದು ಮನೆ ನೋಡಿ ಹೇಳಿಟ್ಟಿದ್ದೇನೆ, ಮನೆಯವರು ನಿಮ್ಮವರೇ, ವಿಧವೆ ತಾಯಿ. ಹಿತ್ತಲಲ್ಲಿ ಬಾವಿಯಿದೆ, ಅಮ್ಮನವರು ನೀರು ಶೋಧಿಸಿ ಅಲ್ಲೇ ಇಳಿಸುವುದಕ್ಕೆ ಅನುಕೂಲ. ಬೇಲಿಯಾಚೆ ನಿಂತಿದ್ದ ಹುಡುಗ ಅಂಗಳದಲ್ಲಿ ನಡೆಯುತ್ತಿದ್ದದ್ದನ್ನೆಲ್ಲ ನೋಡಿದ್ದ, ನೆನಪಿಟ್ಟಿದ್ದ.

ಪದ್ಮಯ್ಯನವರು ಕಾಗದವನ್ನು ಕಚೇರಿಯಲ್ಲೇ ಎರಡು ಸಲ ಓದಿದರು. ಮನೆಗೆ ತೆಗೆದುಕೊಂಡು ಹೋಗಿ ಜೋರಾಗಿ ಓದಿದರೆ ಸಾಕು, ಆ ಕ್ಷಣದಲ್ಲಿ ಮಗಳು ಕುಣಿದಾಡುತ್ತಾಳೆ. ಮೂರು ದಿನ ಅದನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಮೂರನೆಯ ದಿನ ಚನ್ನರಾಯಪಟ್ಟಣ ಎಂದು ಬರೆದು ಅಮಲ್ದಾರರ ಮೇಜಿನ ಮೇಲಿಟ್ಟರು. ಕಾಗದವನ್ನು ಹರಿಯಲು ಕೈ ಬರಲಿಲ್ಲ, ಹದಿನೆಂಟು ವರ್ಷದಲ್ಲಿ ಅವರು ಕಾಗದ ಹರಿದವರಲ್ಲ. ದೊಡ್ಡಿಗೆ ಸೇರಿದ ಬೀಡಾಡಿ ದನಗಳ ಒಂದು ಹಳೆಯ ಕಡತದಲ್ಲಿ ಅದನ್ನು ಸೇರಿಸಿ ಹೊಲಿದುಬಿಟ್ಟರು. ಮನೆಯಲ್ಲಿ ಯಾರೂ ಹಾಸನದಿಂದ ಕಾಗದ ಬಂತೇ ಎಂದು ಕೇಳಲಿಲ್ಲ, ಆದ್ದರಿಂದ ಇಲ್ಲ ಎಂದು ಹೇಳುವ ಪ್ರಸಂಗವೂ ಬರಲಿಲ್ಲ.

ಚನ್ನರಾಯಪಟ್ಟಣದ ಆ ಹೈಸ್ಕೂಲು ನಡೆಯುತ್ತಿದ್ದದ್ದು ಕೊಬ್ಬರಿ ವ್ಯಾಪಾರಿಯೊಬ್ಬರು ಬಿಟ್ಟುಕೊಟ್ಟ ಮಂಡಿಯಲ್ಲಿ. ಮಕ್ಕಳ ಬಟ್ಟೆಗೂ ಪುಸ್ತಕಕ್ಕೂ ಕೊಬ್ಬರಿಯ ವಾಸನೆ ಹತ್ತುತ್ತಿತ್ತು. ಸ್ಕೂಲು ಕೆಟ್ಟದ್ದೆಂದು ಯಾರೂ ಹೇಳಬಾರದು. ಹೆಡ್ ಮಾಸ್ಟರ್ ಪಾಲಾಕ್ಷ ಎಂಬುವವರು ಪ್ರತಿ ಮಗುವಿನ ಹೆಸರು, ಅಪ್ಪನ ಹೆಸರು, ಮನೆಯಲ್ಲಿ ಎಷ್ಟು ದನ ಇವೆ ಎನ್ನುವುದರವರೆಗೆ ಬಲ್ಲವರು. ಜ್ವರ ಬಂದ ಹುಡುಗನನ್ನು ಹೆಗಲ ಮೇಲೆ ಹೊತ್ತು ಮನೆಗೆ ಬಿಟ್ಟುಬಂದವರು. ಹಾಸನದ ಗದ್ದಲದಲ್ಲಿ ಹೆದರಿ ಮುದುಡಿಕೊಳ್ಳುವಂಥ ಮಕ್ಕಳು ಇಲ್ಲಿ ಬಾಯಿಬಿಟ್ಟು ಮಾತಾಡುತ್ತಿದ್ದರು. ಅಂಥ ಮಗುವಾಗಿದ್ದರೆ ಅನಂತಮತಿಗೂ ಇದೇ ಸರಿಯಾಗಿತ್ತು. ಅವಳು ಅಂಥ ಮಗುವಲ್ಲ. ಮೊದಲ ದಿನವೇ ತರಗತಿಗೆ ಮೊದಲಿಗಳಾದಳು, ವರ್ಷ ಕಳೆಯುವುದರೊಳಗೆ ಲೆಕ್ಕದಲ್ಲಿ ಅವಳಿಗೆ ಹೇಳಿಕೊಡುವವರು ಅಲ್ಲಿ ಉಳಿಯಲಿಲ್ಲ. ಎರಡನೇ ವರ್ಷ ಹಿಸ್ಟರಿ ತೆಗೆದುಕೊಂಡಳು, ಬೇರೆ ಇರಲಿಲ್ಲ.

ಪದ್ಮಯ್ಯನವರಿಗೆ ಮಾತ್ರ ಪಟ್ಟಣ ಒಗ್ಗಿತು. ಅಲ್ಲಿ ಅವರು ಮೊದಲನೇ ಗುಮಾಸ್ತ. ಸ್ಕೂಲಿನ ವಾರ್ಷಿಕೋತ್ಸವಕ್ಕೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕರೆಯುತ್ತಿದ್ದರು. ಮಗಳು ಬಹುಮಾನ ತೆಗೆದುಕೊಂಡು ಬರುವಾಗ ಪಕ್ಕದವರು ಇವರ ಕೈಕುಲುಕುತ್ತಿದ್ದರು. ಆ ಹೊತ್ತಿನಲ್ಲಿ ಕಡತದೊಳಗಿನ ಕಾಗದ ಅವರಿಗೆ ನೆನಪಾಗುತ್ತಿರಲಿಲ್ಲ ಎಂದಲ್ಲ. ನೆನಪಾಗುತ್ತಿತ್ತು, ಆದರೂ ಕುರ್ಚಿಯಲ್ಲಿ ಕೂತೇ ಇರುತ್ತಿದ್ದರು.

ಒಂದು ಸಲ ಪಾಲಾಕ್ಷರು ಅಕ್ಷರ ಓದುವ ತಮ್ಮ ಭೂತಗನ್ನಡಿಯನ್ನು ಅನಂತಮತಿಗೆ ಕೊಟ್ಟು ಕಳಿಸಿದರು. ಅವಳು ಶೋಧಿಸಿದ ಬಟ್ಟೆಯ ನೀರನ್ನು ಹಿತ್ತಾಳೆ ತಟ್ಟೆಗೆ ಹಾಕಿಕೊಂಡು, ಬಿಸಿಲಿಗೆ ಹಿಡಿದು, ಒಂದು ಮಧ್ಯಾಹ್ನವೆಲ್ಲ ನೋಡಿದಳು. ಪದ್ಮಯ್ಯನವರು ಆಚೆಯಿಂದ ಬಂದಾಗ, "ನೂಲಿನ ಎಳೆ ಬಿಟ್ಟು ಏನೂ ಕಾಣ್ಸಲ್ಲಪ್ಪ," ಎಂದಳು. ದೂರಿನ ದನಿಯಲ್ಲ, ಇದ್ದದ್ದನ್ನು ಹೇಳಿದಳು ಅಷ್ಟೇ. ನೀರನ್ನು ಚೆಲ್ಲದೆ ಹುಷಾರಾಗಿ ಬಾವಿಗೆ ಇಳಿಸಿ ಬಂದಳು. ಪದ್ಮಯ್ಯನವರಿಗೆ ಅವತ್ತು ನಾಚಿಕೆಯಾಯಿತು. ಕಾಲು ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ, ನೀರು ಆರಿಹೋಗುವಷ್ಟು ಹೊತ್ತು ಸುಮ್ಮನೆ ನಿಂತಿದ್ದರು.

ನೇಮವನ್ನು ಹುಡುಗಿ ಹೇಗೆ ನಡೆಸಿದಳು ಅಂದರೆ, ಬೆಳಗೊಳದ ಕಡೆಯ ನೆಂಟರು ತಮ್ಮ ಮಕ್ಕಳಿಗೆ ಅವಳನ್ನು ತೋರಿಸಿ ಹೇಳುವ ಹಾಗಾಯಿತು. ಮಳೆಗಾಲದಲ್ಲಿ ಮೋಡ ಕವಿದು ಹೊತ್ತು ತಿಳಿಯದಿದ್ದರೆ ಅನುಮಾನಕ್ಕೆ ಊಟವನ್ನೇ ಬಿಡುತ್ತಿದ್ದಳು. ಅದರ ಮೇಲೆ ಇನ್ನೊಂದು ಸಂಕಟ. ಅವಳು ಒಂದು ದಿನ ಅಪ್ಪನ ಹತ್ತಿರ ಬಂದು, ನಾನು ಯೋಚನೆ ಮಾಡದೆ ನೇಮಕ್ಕೆ ಹೂಂ ಅಂದೆ, ನನ್ನಿಂದ ನಿಮಗೆ ಹಾಸನದ ದೊಡ್ಡ ಕಚೇರಿ ತಪ್ಪಿತು, ಬೇಜಾರಿದೆಯಾ ಅಪ್ಪ ಎಂದು ಕೇಳಿದಳು. ಪದ್ಮಯ್ಯನವರು ಏನು ಹೇಳಿದರು? ಇಲ್ಲಮ್ಮ ಎಂದರು. ಅದು ನಿಜವೇ ಆಗಿತ್ತು. ಅಷ್ಟು ಕೆಟ್ಟ ನಿಜವನ್ನು ಅವರು ಮತ್ತೆಂದೂ ಹೇಳಲಿಲ್ಲ.

ನಲವತ್ತಮೂರರ ಜನವರಿಯಲ್ಲಿ ಜಮಾಬಂದಿಗೆಂದು ಹಾಸನದಿಂದ ಸಾಹೇಬರ ತಂಡ ಬಂತು, ಅದರಲ್ಲಿ ಚೆನ್ನಯ್ಯನೂ ಇದ್ದ. ಪದ್ಮಯ್ಯನವರು ಶುಕ್ರವಾರ, ಶನಿವಾರ ಎರಡು ದಿನ ದಫ್ತರದ ಕೋಣೆಯಲ್ಲಿ ಕಡತಗಳ ಹಿಂದೆ ಕಳೆದರು. ಭಾನುವಾರ ಸಾಯಂಕಾಲ ನಾಲ್ಕು ಗಂಟೆಗೆ ಮನೆಯ ಬಾಗಿಲ ಹತ್ತಿರ ಸದ್ದಾಯಿತು. ನೋಡಿದರೆ ಚೆನ್ನಯ್ಯ ಒಬ್ಬನೇ ಬಂದಿದ್ದ. ರುಮಾಲು, ಕರಿ ಕೋಟು, ಕೈಯಲ್ಲಿ ಒಂದು ಬುಟ್ಟಿ ಕಿತ್ತಳೆ ಹಣ್ಣು. ಪದ್ಮಯ್ಯನವರು ತಡಬಡಿಸಿ ಒಳಗಿನಿಂದ ಕುರ್ಚಿ ತಂದು ಹಾಕಿದರು. ಚೆನ್ನಯ್ಯ ಕುರ್ಚಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಜಗಲಿಯ ಚಾಪೆಯ ತುದಿಯಲ್ಲಿ ಕೂತ. ನಿಮ್ಮ ಮುಂದೆ ಕುರ್ಚಿ ಮೇಲೆ ಕೂತರೆ ನಮ್ಮಪ್ಪ ಮೇಲಿಂದ ಬೈತಾನೆ ಎಂದು ನಕ್ಕ.

ಎರಡು ವರ್ಷದಿಂದ ಯಾವುದಕ್ಕೆ ಹೆದರಿ ಇಷ್ಟೆಲ್ಲ ಮಾಡಿದ್ದರೋ ಅದು ಎಲ್ಲೂ ಇರಲಿಲ್ಲ. ಮರುದೇವಿ ಒಳಬಾಗಿಲ ಹತ್ತಿರ ನಿಂತು ಯೋಗಕ್ಷೇಮ ಕೇಳಿದರು. ಅನಂತಮತಿ ಪಾನಕ ತಂದುಕೊಟ್ಟಳು. ಚೆನ್ನಯ್ಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಸ್ಕೂಲಿನಲ್ಲಿ ಏನು ತಗೊಂಡಿದ್ದೀಯವ್ವ ಎಂದು ಕೇಳಿದ. ಹಿಸ್ಟರಿ ಎಂದಳು. ಅವನಿಗೆ ಅರ್ಥವಾಗಲಿಲ್ಲ. ಸೈನ್ಸ್ ಓದೋಳು ಅಂತ ನೀವೇ ಬರೆದಿದ್ರಲ್ಲ ಎಂದು ಪದ್ಮಯ್ಯನವರ ಕಡೆ ತಿರುಗಿದ.

"ನಾನು ಮನೆ ನೋಡಿ ಬರೆದಿದ್ನಲ್ಲಾ ಅಯ್ಯನೋರೆ. ಎಣ್ಮಕ್ಕಳ ಕ್ಲಾಸು ಸನಿವಾರ ಬೆಳಗ್ಗೆ ಅಂತ ಆ ಮೇಷ್ಟರನ್ನ ಕೇಳ್ಕೊಂಡು ಬರೆದಿದ್ದೆ. ಕಾಗ್ದ ನಿಮ್ಮ ಕೈ ಸೇರ್ಲೇ ಇಲ್ವಾ?"

ಇಲ್ಲ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅಂಚೆಯವರ ತಪ್ಪಾಗುತ್ತಿತ್ತು. ಆದರೆ ಆಯುಷ್ಯದಲ್ಲಿ ಒಂದೂ ಸುಳ್ಳು ಹೇಳದ ಬಾಯಿಗೆ ಆ ಎರಡಕ್ಷರ ಬರಲಿಲ್ಲ. ಬಂತು ಎನ್ನುವ ಧೈರ್ಯವೂ ಬರಲಿಲ್ಲ. ಕಾಳಯ್ಯನ ಮಗನೆದುರು, ಹೆಂಡತಿ ಮಗಳೆದುರು, ಪದ್ಮಯ್ಯನವರು ತಲೆ ತಗ್ಗಿಸಿ ಕೂತುಬಿಟ್ಟರು. ಜಗಲಿಯ ಗಾರೆಯಲ್ಲಿ ಒಂದು ಸೀಳು ಇತ್ತು, ಅದನ್ನೇ ನೋಡುತ್ತಿದ್ದರು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನ್ನುತ್ತಾರಲ್ಲ, ಅದು ಬರಿಯ ಮಾತಲ್ಲ ಎಂದು ಅವರಿಗೆ ಅವತ್ತು ಗೊತ್ತಾಯಿತು.

ಮಾತಾಡಿದವಳು ಅನಂತಮತಿ. "ಕಾಗದ ಬಂದಿತ್ತು," ಎಂದಳು. "ಅಪ್ಪ ನಂಗೆ ಓದಿ ಹೇಳಿದ್ರು. ನಾನೇ ಬೇಡ ಅಂದೆ. ದೊಡ್ಡ ಸ್ಕೂಲು ಅಂದ್ರೆ ಭಯ ಆಯ್ತು."

ಮರುದೇವಿಯವರ ಕೈ ಬಾಗಿಲ ಚೌಕಟ್ಟಿನ ಮೇಲೆ ಹಾಗೇ ನಿಂತಿತ್ತು. ಹದಿನೈದು ವರ್ಷ ಜನರ ಅರ್ಜಿ ಓದಿ ನಿಜ ಯಾವುದು, ಬರೆಸಿದ್ದು ಯಾವುದು ಎಂದು ತೂಗಿದ ಚೆನ್ನಯ್ಯ ಹುಡುಗಿಯ ಮುಖ ನೋಡಿದ, ಪದ್ಮಯ್ಯನವರ ಬಗ್ಗಿದ ತಲೆ ನೋಡಿದ. ಉಳಿದ ಪಾನಕ ಕುಡಿದು ಲೋಟ ಕೆಳಗಿಟ್ಟ. ಆಗಲಿ ಕಣವ್ವ, ಎಲ್ಲಿ ಓದಿದ್ರೂ ಓದೇ, ಎಂದು ಎದ್ದ. ಹೋಗುವಾಗ ಪದ್ಮಯ್ಯನವರಿಗೆ ಕೈಮುಗಿದ. ಮೊದಲಿನಷ್ಟೇ ಬಗ್ಗಿ ಮುಗಿದ, ಆದರೆ ಬತ್ತೀನಿ ಅಯ್ಯನೋರೆ ಎನ್ನಲಿಲ್ಲ. ಬರ್ತೀನಿ ಪದ್ಮಯ್ಯನವರೇ ಎಂದ.

ಅವನು ಬೀದಿ ತಿರುಗುವವರೆಗೆ ಪದ್ಮಯ್ಯನವರು ನಿಂತೇ ಇದ್ದರು. ಆಮೇಲೆ ಮಗಳನ್ನು ಕೇಳಿದರು, ದನಿ ಅವರಿಗೇ ಕೇಳಿಸದಷ್ಟು ಸಣ್ಣಗಿತ್ತು, ಯಾಕಮ್ಮ ಹಾಗಂದೆ ಎಂದು.

"ನೀವು ಅವರ ಮುಂದೆ ತಲೆ ತಗ್ಗಿಸಿದ್ದನ್ನ ನನ್ನ ಕೈಲಿ ನೋಡಕ್ಕಾಗಲಿಲ್ಲಪ್ಪ."

ಇಷ್ಟು ಹೇಳಿ ಲೋಟ ತೆಗೆದುಕೊಂಡು ಒಳಗೆ ಹೋದಳು. ಕಾಗದ ಯಾಕೆ ಮುಚ್ಚಿಟ್ಟಿರಿ ಎಂದು ಕೇಳಲಿಲ್ಲ. ಮರುದೇವಿಯೂ ಕೇಳಲಿಲ್ಲ. ಕೇಳಿದ್ದರೆ, ಬೈದಿದ್ದರೆ, ಪದ್ಮಯ್ಯನವರು ಇದ್ದದ್ದನ್ನೆಲ್ಲ ಹೇಳಿ ಹಗುರಾಗುತ್ತಿದ್ದರು. ಮನೆಯಲ್ಲಿ ಎಲ್ಲರಿಗೂ ಗೊತ್ತಾಗಿತ್ತು, ಯಾರಿಗೂ ಅವರಿಂದ ಕೇಳಬೇಕಾದದ್ದು ಏನೂ ಉಳಿದಿರಲಿಲ್ಲ.

ನಾಲ್ಕೂ ಮುಕ್ಕಾಲಿಗೆ ಮರುದೇವಿ ಎಂದಿನಂತೆ ಮೂರು ತಟ್ಟೆ ಹಾಕಿದರು. ಅನಂತಮತಿ ತನ್ನ ತಟ್ಟೆಯನ್ನು ಎತ್ತಿ ಗೋಡೆಗೆ ಒರಗಿಸಿಟ್ಟಳು. ಇವತ್ತೂ ನಾಳೆಯೂ ಉಪವಾಸ ಎಂದಳು. ಅಷ್ಟಮಿಯಲ್ಲ, ಚತುರ್ದಶಿಯಲ್ಲ, ಇದೆಂಥ ಉಪವಾಸ ಎಂದು ಮರುದೇವಿ ಅಭ್ಯಾಸಬಲದಿಂದ ಕೇಳಿದರು. ಕೇಳಿದ ಮೇಲೆ ತುಟಿ ಕಚ್ಚಿಕೊಂಡರು.

"ಸುಳ್ಳು ಹೇಳಿದೆನಲ್ಲಮ್ಮ, ಅದಕ್ಕೆ," ಎಂದಳು ಹುಡುಗಿ.

ಪದ್ಮಯ್ಯನವರು ಮಣೆಯ ಮೇಲೆ ಕೂತಿದ್ದರು. ಆ ಹೊತ್ತಿನಲ್ಲಿ ಅವರು ಏಳಬೇಕಿತ್ತು. ಈ ಉಪವಾಸ ನನ್ನದು ಎನ್ನಬೇಕಿತ್ತು, ಇಲ್ಲವೇ ಏನೂ ಅನ್ನದೆ ತಮ್ಮ ತಟ್ಟೆಯನ್ನೂ ಎತ್ತಿ ಗೋಡೆಗಿಡಬೇಕಿತ್ತು. ಅಷ್ಟಕ್ಕೆ ಮಾತೂ ಬೇಕಿರಲಿಲ್ಲ. ಆದರೆ ಎದ್ದರೆ ಒಪ್ಪಿಕೊಂಡಂತಾಗುತ್ತದೆ ಎಂದು ಈಗಲೂ, ಎಲ್ಲ ತಿಳಿದ ಮೇಲೂ, ಅವರೊಳಗಿನ ಗುಮಾಸ್ತ ಲೆಕ್ಕ ಹಾಕುತ್ತಿದ್ದ. ಹೊತ್ತಾಗ್ತದೆ, ಊಟ ಮಾಡಿ ಎಂದರು ಮರುದೇವಿ, ಅವರ ಕಡೆ ನೋಡದೆ.

ಅನ್ನ ಬಿದ್ದಿತು, ತೊವ್ವೆ ಬಿದ್ದಿತು. ಪದ್ಮಯ್ಯನವರು ಕಲಸಿ ಉಂಡರು. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಇಳಿಯಿತು. ಮಧ್ಯಾಹ್ನದಿಂದ ಹಸಿದಿದ್ದರು.

ತಟ್ಟೆ ಖಾಲಿಯಾಗುತ್ತ ಬಂದಾಗ ಎದುರಿಗೆ ಅನಂತಮತಿಯ ಪಾದಗಳು ಕಂಡವು. ಕೈಯಲ್ಲಿ ಅನ್ನದ ಪಾತ್ರೆ ಹಿಡಿದು ಬಗ್ಗಿ ನಿಂತಿದ್ದಳು.

"ಇನ್ನೊಂದು ಸ್ವಲ್ಪ ಹಾಕಲಾ ಅಪ್ಪ?"

ಬೇಡ ಎಂದು ಕೈ ಅಡ್ಡ ಹಿಡಿಯಬೇಕಾದರೆ ತಲೆಯೆತ್ತಿ ಅವಳ ಮುಖ ನೋಡಬೇಕಾಗುತ್ತಿತ್ತು. ಪದ್ಮಯ್ಯನವರು ತಲೆಯೆತ್ತದೆ ಹಾಕಿಸಿಕೊಂಡರು.